ಪ್ರಾಕ್ಸಿಮಲ್, ಡಿಸ್ಟಲ್ ಎಲ್ಲಿಂದ ಲೆಕ್ಕ ಹಾಕೋದು? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಅನಾಟಮಿ ಓದುತ್ತಿದ್ದೇನೆ, ಪ್ರಾಕ್ಸಿಮಲ್ ಮತ್ತು ಡಿಸ್ಟಲ್ ಅನ್ನೋ ಪದಗಳಲ್ಲಿ ಎರಡು ದಿನದಿಂದ ಸಿಕ್ಕಿಹಾಕಿಕೊಂಡಿದ್ದೇನೆ.

ಕೈಕಾಲಿನ ವಿಷಯದಲ್ಲಿ ತೊಂದರೆ ಇಲ್ಲ. ಮುಂಡಕ್ಕೆ ಹತ್ತಿರ ಇದ್ದರೆ ಪ್ರಾಕ್ಸಿಮಲ್, ದೂರ ಇದ್ದರೆ ಡಿಸ್ಟಲ್, ಹಾಗಾಗಿ ಮೊಣಕೈ ಮಣಿಕಟ್ಟಿಗಿಂತ ಪ್ರಾಕ್ಸಿಮಲ್. ಆದರೆ ಕರುಳಿಗೆ ಬಂದರೆ ಬಾಯಿಯ ಕಡೆಯದು ಪ್ರಾಕ್ಸಿಮಲ್ ಅಂತಾರೆ, ಕಿಡ್ನಿಯೊಳಗಿನ ಸಣ್ಣ ನಳಿಕೆಯಲ್ಲಿ ಗ್ಲೊಮೆರುಲಸ್‌ಗೆ (ರಕ್ತ ಸೋಸುವ ಸಣ್ಣ ರಕ್ತನಾಳಗಳ ಗೊಂಚಲು) ಹತ್ತಿರದ್ದು ಪ್ರಾಕ್ಸಿಮಲ್. ಹಲ್ಲಿನಲ್ಲಂತೂ ಡಿಸ್ಟಲ್‌ಗೆ ಎದುರು ಪದ ಪ್ರಾಕ್ಸಿಮಲ್ಲೇ ಅಲ್ಲ, ಮೀಸಿಯಲ್ ಅಂತೆ! ಅದನ್ನು ಸದ್ಯಕ್ಕೆ ಪಕ್ಕಕ್ಕಿಟ್ಟಿದ್ದೇನೆ.

ಎಲ್ಲವನ್ನೂ ಬರೆದು ನೋಡಿ, 'ಹರಿವು ಶುರುವಾಗುವ ಕಡೆ ಪ್ರಾಕ್ಸಿಮಲ್' ಅಂತ ನಾನೇ ಒಂದು ಸೂತ್ರ ಕಟ್ಟಿಕೊಂಡೆ. ಕರುಳು, ಕಿಡ್ನಿ, ಅಪಧಮನಿ (ಹೃದಯದಿಂದ ರಕ್ತ ಒಯ್ಯುವ ನಾಳ) ಎಲ್ಲಕ್ಕೂ ಸರಿಹೋಯಿತು, ಖುಷಿಯಾಯಿತು. ಕಾಲಿನ ಅಭಿಧಮನಿ (ಹೃದಯಕ್ಕೆ ರಕ್ತ ವಾಪಸ್ ತರುವ ನಾಳ) ಬಂದಾಗ ಕೈಕೊಟ್ಟಿತು. ಅಲ್ಲಿ ರಕ್ತ ಪಾದದಿಂದ ಮೇಲಕ್ಕೆ ಹರಿಯುತ್ತದೆ ಅಲ್ವಾ? ಆದರೂ ಪುಸ್ತಕದಲ್ಲಿ ತೊಡೆಯ ಅಭಿಧಮನಿಯನ್ನೇ ಪ್ರಾಕ್ಸಿಮಲ್ ಅಂದಿದ್ದಾರೆ, ಮೀನಖಂಡದ್ದು ಡಿಸ್ಟಲ್. ಗೆಳೆಯರನ್ನು ಕೇಳಿದರೆ 'ಸುಮ್ನೆ ಬಾಯಿಪಾಠ ಮಾಡು' ಅಂತಾರೆ.

ನನ್ನ ಪ್ರಶ್ನೆ ಇಷ್ಟೇ: ಅಭಿಧಮನಿಯಲ್ಲಿ ಪ್ರಾಕ್ಸಿಮಲ್ ಅನ್ನೋದನ್ನು ಹರಿವಿನ ದಿಕ್ಕಿನಿಂದ ಹೇಳಬೇಕಾ, ಮುಂಡಕ್ಕೆ ಎಷ್ಟು ಹತ್ತಿರ ಅನ್ನೋದರಿಂದ ಹೇಳಬೇಕಾ? ಎಲ್ಲಾ ಅಂಗಕ್ಕೂ ಹೊಂದುವ ಒಂದೇ ನಿಯಮ ಇದೆಯಾ, ಇಲ್ಲ ಅಂಗಕ್ಕೊಂದು ಬೇರೆನಾ?