ಕೆರೆ, ಹೊಳೆ ನೀರಿನ ಪರೀಕ್ಷೆ: ಲ್ಯಾಬ್ ಮೇಡಂ ಅವರನ್ನು ಕೇಳಿ

ಅಡ್ಮಿನ್: ನೀರಿನ ಪರೀಕ್ಷಾಲಯದಲ್ಲಿ ಕೆಲಸ ಮಾಡುವ ಸೂಕ್ಷ್ಮಜೀವಿ ತಜ್ಞೆಯೊಬ್ಬರು ಇವತ್ತು ನಮ್ಮ ಗುಂಪಿನಲ್ಲಿ ಇದ್ದಾರೆ. ಕೆರೆ, ಹೊಳೆ, ಬಾವಿ ನೀರಿನ ಬಗ್ಗೆ ಕೇಳಿ. ರಾಜಕೀಯ ಬೇಡ. ಫಾರ್ವರ್ಡ್ ಅಂತೂ ಬೇಡವೇ ಬೇಡ.

ತುಂಗಾ ತೀರ: ನಮಸ್ತೆ ಮೇಡಂ. ರಿಪೋರ್ಟಿನಲ್ಲಿ ಟೋಟಲ್ ಕೋಲಿಫಾರ್ಮ್, ಫೀಕಲ್ ಕೋಲಿಫಾರ್ಮ್ ಅಂತ ಎರಡು ಸಾಲು ಇರುತ್ತವೆ. ಯಾವುದನ್ನು ನೋಡಬೇಕು?

ಲ್ಯಾಬ್ ಮೇಡಂ: ನಮಸ್ಕಾರ. ಹೊಳೆ, ಕೆರೆಗೆ ಎರಡನೆಯದು ಮುಖ್ಯ. ಕೋಲಿಫಾರ್ಮ್ ಅಂದರೆ ಒಂದು ಗುಂಪಿನ ಬ್ಯಾಕ್ಟೀರಿಯಾ. ಟೋಟಲ್‌ನಲ್ಲಿ ಮಣ್ಣು, ಗಿಡಗಳಿಂದ ಬಂದವೂ ಸೇರಿರುತ್ತವೆ. ಫೀಕಲ್ ಅಂದರೆ ಮನುಷ್ಯರ, ದನಕರುಗಳ, ಹಕ್ಕಿಗಳ ಮಲ ಸೇರಿರುವ ಸುಳಿವು. ಸ್ನಾನದ ನೀರಿಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಿತಿ: 100 ಮಿ.ಲೀ.ನಲ್ಲಿ 500ರ ಒಳಗಿದ್ದರೆ ಒಳ್ಳೆಯದು, 2500 ದಾಟಲೇಬಾರದು. ಕುಡಿಯುವ ನೀರಾದರೆ 100 ಮಿ.ಲೀ.ನಲ್ಲಿ ಇ. ಕೋಲಿ (ಮಲದಿಂದ ಬರುವ ಬ್ಯಾಕ್ಟೀರಿಯಾ) ಸಿಗಲೇಬಾರದು.

ಶ್ರೀರಂಗಪಟ್ಟಣದವನು: ಮೇಡಂ, ಇಲ್ಲಿ ಅಸ್ಥಿ ಬಿಟ್ಟವರು ಅದೇ ಜಾಗದಲ್ಲಿ ಮುಳುಗಿ ಏಳುತ್ತಾರೆ. ತೊಂದರೆ ಇಲ್ವಾ?

ಕೆರೆ ಗೆಳೆಯರು: ಬೆಂಗಳೂರಿನ ಒಂದು ಕೆರೆ ನಮ್ಮದು. ಮಳೆಗಾಲದಿಂದ ಪ್ರತಿ ತಿಂಗಳೂ ಟೆಸ್ಟ್ ಮಾಡಿಸುತ್ತಿದ್ದೇವೆ. ಪ್ರತಿ ಸಲ ಫೀಕಲ್ 1600. ಏರಿಲ್ಲ, ಇಳಿದಿಲ್ಲ. 2500ರ ಒಳಗಿದೆ ಅಂತ ಮಕ್ಕಳಿಗೆ ಕಯಾಕಿಂಗ್ ಕ್ಯಾಂಪ್ ಇಟ್ಟಿದ್ದೇವೆ. ಇನ್ನೊಂದು ವಿಚಿತ್ರ. ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ) ನೀರು ಕೆರೆಗೆ ಬೀಳುವ ಪೈಪಿನ ಹತ್ತಿರ ಸೊನ್ನೆ ಬರುತ್ತದೆ!

ಲ್ಯಾಬ್ ಮೇಡಂ: 1600ರ ಹಿಂದೆ ≥ ಗುರುತು ಇದೆಯಾ?

ಕೆರೆ ಗೆಳೆಯರು: ಇದೆ. ಪ್ರಿಂಟ್ ಮಿಸ್ಟೇಕ್ ಅಂದುಕೊಂಡಿದ್ದೆವು.

ಲ್ಯಾಬ್ ಮೇಡಂ: ಮೊದಲು ಕ್ಯಾಂಪ್ ನಿಲ್ಲಿಸಿ. ಆಮೇಲೆ ಓದಿ.

1600 ನಿಮ್ಮ ಕೆರೆಯ ಲೆಕ್ಕವೇ ಅಲ್ಲ. ಬ್ಯಾಕ್ಟೀರಿಯಾ ಎಷ್ಟಿರಬಹುದು ಅಂತ ಅಂದಾಜಿಸುವ ಎಂಪಿಎನ್ ಪರೀಕ್ಷೆಯಲ್ಲಿ 10, 1, 0.1 ಮಿ.ಲೀ. ಹೀಗೆ ಮೂರು ಅಳತೆಯ ನೀರನ್ನು ಐದೈದು ಟ್ಯೂಬಿಗೆ ಹಾಕುತ್ತೇವೆ. ಕೋಲಿಫಾರ್ಮ್ ಬೆಳೆದರೆ ಒಳಗಿನ ಪುಟ್ಟ ಡರ್ಹಾಮ್ ಟ್ಯೂಬಿನಲ್ಲಿ ಗ್ಯಾಸ್ ಕಾಣುತ್ತದೆ. ಎಷ್ಟರಲ್ಲಿ ಬಂತು ಅಂತ ಎಣಿಸಿ ಕೋಷ್ಟಕ ನೋಡುತ್ತೇವೆ. ಹದಿನೈದರಲ್ಲೂ ಬಂದರೆ ಕೋಷ್ಟಕ ಅಲ್ಲಿಗೆ ಮುಗಿಯಿತು. ಅದೇ ≥1600, ಅಂದರೆ 1600 ಅಥವಾ ಅದಕ್ಕಿಂತ ಹೆಚ್ಚು. ದಿನಸಿ ಅಂಗಡಿ ತಕ್ಕಡಿಯಲ್ಲಿ ಎಮ್ಮೆ ತೂಗಿದ ಹಾಗೆ. ನಿಜವಾಗಿ ಎರಡು ಸಾವಿರ ಇರಬಹುದು, ಇಪ್ಪತ್ತು ಲಕ್ಷವೂ ಇರಬಹುದು. ಕೆರೆ ನೀರನ್ನು ಹತ್ತು, ನೂರು, ಸಾವಿರ ಪಟ್ಟು ತೆಳು ಮಾಡಿ ಹಾಕಬೇಕಿತ್ತು. ನೀವು ಅಗ್ಗದ ಕುಡಿಯುವ ನೀರಿನ ಪ್ಯಾಕೇಜ್ ತೆಗೆದುಕೊಂಡಿದ್ದೀರಿ, ಅಲ್ವಾ?

ಆ ಸೊನ್ನೆ ಬಗ್ಗೆ ನನಗೆ ಇನ್ನೂ ಅನುಮಾನ. ಯಾವ ಬಾಟಲಿ? ಎಷ್ಟು ಹೊತ್ತಿಗೆ ತೆಗೆದಿರಿ? ಲ್ಯಾಬಿಗೆ ಯಾವಾಗ ಕೊಟ್ಟಿರಿ?

ಮೇಷ್ಟ್ರು (ನಿವೃತ್ತ): ಕಿತ್ತಳೆ ಸಿಪ್ಪೆ, ಬೆಲ್ಲ, ನೀರು ಸೇರಿಸಿ 3 ತಿಂಗಳು ಇಟ್ಟ ಬಯೋ ಎಂಜೈಮ್ ಕೆರೆಗೆ ಸುರಿದರೆ ಎಲ್ಲ ಕ್ರಿಮಿ ನಾಶ!! ಎಲ್ಲರಿಗೂ ಶೇರ್ ಮಾಡಿ 🙏🙏

ಕೆರೆ ಗೆಳೆಯರು: ಹೌದು ಮೇಡಂ, ಅದೇ ಪ್ಯಾಕೇಜ್. ಬಿಸಿನೀರಲ್ಲಿ ತೊಳೆದ ಮಿನರಲ್ ವಾಟರ್ ಬಾಟಲಿ. ವಾಲಂಟಿಯರ್‌ಗಳು ಸಿಗುವುದು ಶನಿವಾರ ಮಧ್ಯಾಹ್ನ. ಫ್ರಿಜ್‌ನಲ್ಲಿಟ್ಟು ಸೋಮವಾರ ಕೊಡುತ್ತೇವೆ.

ಲ್ಯಾಬ್ ಮೇಡಂ: ಅದೇ ಕಾರಣ ಇರಬೇಕು. ಎಸ್‌ಟಿಪಿಯಲ್ಲಿ ಕೊನೆಗೆ ಕ್ಲೋರಿನ್ ಹಾಕುತ್ತಿದ್ದರೆ, ಅದು ಬಾಟಲಿಯೊಳಗೂ ಕೊಲ್ಲುತ್ತಲೇ ಇರುತ್ತದೆ. ಅದನ್ನು ತಡೆಯಲು ನಮ್ಮ ಬಾಟಲಿಯಲ್ಲಿ ಸೋಡಿಯಂ ಥಯೋಸಲ್ಫೇಟ್ ಹಾಕಿರುತ್ತೇವೆ. ನಿಮ್ಮದರಲ್ಲಿ ಇಲ್ಲ. ಹಾಗಾಗಿ ಆ ಸೊನ್ನೆ ಸೋಮವಾರದ ಬಾಟಲಿಯದು, ಶನಿವಾರದ ಪೈಪಿನದಲ್ಲ. ಜೊತೆಗೆ ನಡು ಮಧ್ಯಾಹ್ನ. ಬಿಸಿಲಿಗೆ ಮೇಲ್ಪದರದ ಬ್ಯಾಕ್ಟೀರಿಯಾ ಸಾಯುತ್ತವೆ. ಅದೇ ಕೆರೆಯಲ್ಲಿ ಬೆಳಿಗ್ಗೆ ತೆಗೆದರೆ ಸಾಮಾನ್ಯವಾಗಿ ಜಾಸ್ತಿ ಬರುತ್ತದೆ.

ಇನ್ನು ಮೇಲೆ ಲ್ಯಾಬಿನ ಬಾಟಲಿಯನ್ನೇ ಬಳಸಿ. ಬೆಳಿಗ್ಗೆ, ಪ್ರತಿ ಸಲ ಒಂದೇ ಜಾಗ, ಒಂದೇ ಹೊತ್ತು. ಮೇಲಿನ ನೊರೆ ಬೇಡ, ಸುಮಾರು 30 ಸೆಂ.ಮೀ. ಕೆಳಗಿನ ನೀರು ಬೇಕು. ಹೊಳೆಯಾದರೆ ಬಾಟಲಿ ಬಾಯಿ ಹರಿವಿಗೆ ಎದುರಾಗಿರಲಿ. ಪೂರ್ತಿ ತುಂಬಬೇಡಿ, ಕುಲುಕಲು ಜಾಗ ಬೇಕು. ಐಸ್ ಬಾಕ್ಸಿನಲ್ಲಿಟ್ಟು ಆರು ಗಂಟೆಯೊಳಗೆ ಕೊಡಿ. 24 ಗಂಟೆ ದಾಟಿದ್ದು ಲೆಕ್ಕಕ್ಕಿಲ್ಲ. ಹಿಂದಿನ ದಿನ ಮಳೆ ಬಂದಿತ್ತಾ ಅಂತ ಬರೆದಿಡಿ. ಮೊದಲ ಮಳೆ ಚರಂಡಿಯನ್ನೆಲ್ಲ ಕೆರೆಗೆ ತರುತ್ತದೆ.

ಕೋಲಿಫಾರ್ಮ್ ಕಡಿಮೆ ಬಂದರೂ ಮಕ್ಕಳನ್ನು ಇಳಿಸಲು ಅದೊಂದೇ ಸಾಲದು. ಇಲಿಜ್ವರದ ಲೆಪ್ಟೋಸ್ಪೈರಾ ಇಲಿಯ ಮೂತ್ರದಿಂದ ನೀರಿಗೆ ಬರುತ್ತದೆ, ತರಚು ಗಾಯದಿಂದ ಒಳಗೆ ಹೋಗುತ್ತದೆ. ಈ ಪರೀಕ್ಷೆ ಅದನ್ನು ಹುಡುಕುವುದೇ ಇಲ್ಲ.

ಮೇಷ್ಟ್ರೇ, ಬಯೋ ಎಂಜೈಮ್‌ನಲ್ಲಿ ನೆಲ ಒರೆಸಿ. ಕೆರೆಗೆ ಸುರಿಯಬೇಡಿ. ಅದು ಹುಳಿ, ಜೊತೆಗೆ ಕೊಳೆಯುವ ಪದಾರ್ಥ. ಅದನ್ನು ತಿನ್ನುವ ಬ್ಯಾಕ್ಟೀರಿಯಾಗಳು ನೀರಿನ ಆಮ್ಲಜನಕ ಮುಗಿಸುತ್ತವೆ. ಆಮೇಲೆ ಸತ್ತ ಮೀನಿನ ಫೋಟೋ ಇದೇ ಗುಂಪಿಗೆ ಬರುತ್ತದೆ.

ಕೋಲಾರದ ರೈತ: ಕೆ.ಸಿ. ವ್ಯಾಲಿ ನೀರು (ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ಕಳಿಸುವುದು) ಕೆರೆಗೆ ಬಂದ ಮೇಲೆ ನಮ್ಮ ಬತ್ತಿದ ಬಾವಿ ತುಂಬಿದೆ. ಕುಡಿಯಬಹುದಾ?

ವೈಟ್‌ಫೀಲ್ಡ್ ಅಪ್ಪ: ಸ್ವಾಮಿ, ಅದು ನಮ್ಮ ಟಾಯ್ಲೆಟ್ ನೀರು. ಕುಡೀತೀರಾ?

ಕೋಲಾರದ ರೈತ: ಯಾರ ನೀರು ಅಂತ ಗೊತ್ತು ಸಾರ್. ನಿಮಗೆ ನಲ್ಲೀಲಿ ಕಾವೇರಿ ಬರುತ್ತೆ. ಸಾವಿರ ಅಡಿ ಕೊರೆಸಿ ಧೂಳು ನೋಡಿದವರು ನಾವು.

ಮಾಲೂರು ಹುಡುಗ: ಅಣ್ಣ, 2018ರಲ್ಲಿ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದಿದ್ದು ಮರೆತ್ರಾ? ಹೈಕೋರ್ಟ್ ನೀರು ನಿಲ್ಲಿಸಿತ್ತು.

ಕೋಲಾರದ ರೈತ: ಆಮೇಲೆ ಬಿಟ್ಟರಲ್ಲ. ನಿನಗೆ ಬೆಂಗಳೂರಲ್ಲಿ ಸಂಬಳ ಬರುತ್ತೆ, ಮಾತಾಡ್ತೀಯ.

ಮಾಲೂರು ಹುಡುಗ: ನನ್ನ ಸಂಬಳದ ಸುದ್ದಿ ಯಾಕೆ?

ಅಡ್ಮಿನ್: ಇಬ್ಬರೂ ಸುಮ್ನಿರಿ.

ಲ್ಯಾಬ್ ಮೇಡಂ: ರೈತರೇ, ಹಾಗೇ ಕುಡಿಯಬೇಡಿ. ಆ ನೀರನ್ನು ಎರಡನೇ ಹಂತದವರೆಗೆ ಮಾತ್ರ ಶುದ್ಧ ಮಾಡಿ ಬಿಡುವುದು. ಯೋಜನೆ ಇರುವುದು ಅಂತರ್ಜಲಕ್ಕೆ, ಲೋಟಕ್ಕಲ್ಲ. ಬಾವಿ ನೀರನ್ನು ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ಕುದಿಸಿ. ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಸಾಕು.

ಮೇಷ್ಟ್ರು (ನಿವೃತ್ತ): ತಾಮ್ರದ ಚೊಂಬಿನಲ್ಲಿ ರಾತ್ರಿ ಇಟ್ಟರೆ ಯಾವ ನೀರೂ ಶುದ್ಧ. ವಿಜ್ಞಾನಿಗಳೇ ಒಪ್ಪಿದ್ದಾರೆ. ಕುದಿಸುವುದು ಯಾಕೆ?

ಲ್ಯಾಬ್ ಮೇಡಂ: ಬೆಂಗಳೂರಿನ ಸಂಶೋಧಕರ ಅಧ್ಯಯನ, 2012ರದ್ದು. ನಾನೂ ಓದಿದ್ದೇನೆ, ಒಳ್ಳೆಯ ಕೆಲಸ. ಕುಡಿಯುವ ನೀರಿಗೆ ಬ್ಯಾಕ್ಟೀರಿಯಾ ಸೇರಿಸಿ 16 ಗಂಟೆ ತಾಮ್ರದ ಪಾತ್ರೆಯಲ್ಲಿಟ್ಟು ನೋಡಿದರು. ಅದು ತಿಳಿನೀರು. ಕೆಸರು, ಕೊಳೆ ಇರುವ ನೀರಿನಲ್ಲಿ ತಾಮ್ರ ಅದಕ್ಕೇ ಅಂಟಿಕೊಂಡು ಬಲ ಕಳೆದುಕೊಳ್ಳುತ್ತದೆ. ಅಧ್ಯಯನ ಹೇಳದೇ ಇದ್ದದ್ದನ್ನು ಅದರ ತಲೆಗೆ ಕಟ್ಟಬೇಡಿ.

ತುಂಗಾ ತೀರ: ಪಟಿಕ ಹಾಕಿದರೆ?

ಲ್ಯಾಬ್ ಮೇಡಂ: ತಿಳಿಯಾಗುತ್ತದೆ. ಶುದ್ಧ ಆಗುವುದಿಲ್ಲ. ಕುದಿಸಿ.

ಮೈಸೂರು ಅಕ್ಕ: ಪಂಚಾಯ್ತಿಯವರು ಕೊಟ್ಟ ಎಚ್‌2ಎಸ್ ಬಾಟಲಿಗೆ (ನೀರು ಪರೀಕ್ಷಿಸುವ ಬಾಟಲಿ) ನೀರು ಹಾಕಿಟ್ಟೆ, ಮಾರನೇ ದಿನ ಕಪ್ಪಾಯಿತು.

ಲ್ಯಾಬ್ ಮೇಡಂ: ಮಲ ಸೇರಿರುವ ಅನುಮಾನ. ಬೋರ್ ನೀರಿನಲ್ಲಿ ಬೇರೆ ಬ್ಯಾಕ್ಟೀರಿಯಾದಿಂದಲೂ ಕಪ್ಪಾಗಬಹುದು. ಲ್ಯಾಬಿಗೆ ಕಳಿಸಿ. ಅಲ್ಲಿಯವರೆಗೆ ಕುದಿಸಿ.

ಶ್ರೀರಂಗಪಟ್ಟಣದವನು: ನನ್ನ ಪ್ರಶ್ನೆಗೆ ಉತ್ತರ ಬರಲಿಲ್ಲ.

ಮೇಷ್ಟ್ರು (ನಿವೃತ್ತ): ಕಾವೇರಿ ತಾಯಿ ಬಗ್ಗೆ ಅನುಮಾನ ಪಡಬಾರದು. ಹರಿಯುವ ನೀರಿಗೆ ದೋಷವಿಲ್ಲ.

ವೈಟ್‌ಫೀಲ್ಡ್ ಅಪ್ಪ: ಹಾಗಾದರೆ ರಾಜಕಾಲುವೆಯೂ ಹರಿಯುತ್ತೆ ಸಾರ್, ಒಂದು ಲೋಟ ಕೊಡಲಾ?

ಮೇಷ್ಟ್ರು (ನಿವೃತ್ತ): ಹಿರಿಯರ ಜೊತೆ ಮಾತಾಡುವ ರೀತಿಯೇ ಇದು?

ಹೊಸ ಸದಸ್ಯ: ಹಾಯ್ ಮೇಡಂ, ತಾಮ್ರದ ಚೊಂಬು ಸಾಕಾ?

ಲ್ಯಾಬ್ ಮೇಡಂ: ಮೇಲೆ ಓದಿ.

ಕೆರೆ ಗೆಳೆಯರು: ಕ್ಯಾಂಪ್ ರದ್ದು ಮಾಡಿದೆವು. ದುಡ್ಡು ಕಟ್ಟಿದ ಅಪ್ಪಅಮ್ಮಂದಿರು ಜಗಳಕ್ಕೆ ಬಂದಿದ್ದಾರೆ. ನೀವು ಹೇಳಿದಿರಿ ಅಂತ ಹೇಳಲಾ?

ಲ್ಯಾಬ್ ಮೇಡಂ: ಹೇಳಿ. ಆ ≥ ಗುರುತನ್ನೂ ತೋರಿಸಿ. ಹೊಸ ಸ್ಯಾಂಪಲ್ ಮಂಗಳವಾರ ಬೆಳಿಗ್ಗೆ ತನ್ನಿ, ಶನಿವಾರ ಬೇಡ.