ಸಹಾಯ ಬೇಕು: ಅನೋಟೇಶನ್‌ಗೆ ಬದಲಿಸಿದ ಮ್ಯಾಲ ಫಿಲ್ಟರ್ ಪಾಳಿ ತಪ್ಪೇತಿ

ನಮಸ್ಕಾರ ರೀ ಎಲ್ಲಾರಿಗೂ. ಬಾಗಲಕೋಟೆಯಿಂದ ಬರೀಲಿಕ್ಕತ್ತೇನಿ. ಕಬ್ಬಿನ ತೂಕದ ಚೀಟಿ ತಗಿಯೋ ಹಳೇ ಜಾವಾ ಅಪ್ಲಿಕೇಶನ್ ಒಂದು ನನ್ನ ಕೊಳ್ಳಿಗೆ ಬಿದ್ದೇತಿ. ಅದರ ವೆಬ್.ಎಕ್ಸ್‌ಎಂಎಲ್ (ಯಾವ ವಿಳಾಸಕ್ಕ ಯಾವ ಕೋಡ್ ಓಡಬೇಕಂತ ಬರದಿಡೂ ಫೈಲು) ಅಂದ್ರ ಹನುಮಪ್ಪನ ಬಾಲ. ಸರ್ವ್‌ಲೆಟ್ (ಬ್ರೌಸರಿನ ವಿನಂತಿಗೆ ಉತ್ತರ ಕೊಡೂ ಜಾವಾ ಕ್ಲಾಸು) 3.0, ಅಂದ್ರ 2009ರಿಂದ ಅನೋಟೇಶನ್ (ಅದೇ ಮಾತು ಕೋಡಿನಾಗೇ @ ಹಚ್ಚಿ ಬರಿಯೂದು) ಐತೆಲ್ಲ ಅಂತ ಎಲ್ಲಾ @ವೆಬ್‌ಸರ್ವ್‌ಲೆಟ್, @ವೆಬ್‌ಫಿಲ್ಟರ್ ಮಾಡಿದೆ.

ಮೊದಲನೇ ದಿನ ಯಾವ ಪುಟ ತಗದ್ರೂ 404, ಅಂದ್ರ ಪುಟ ಸಿಗವಲ್ದು. ಅರ್ಧ ದಿನ ತಲಿ ಕೆರಕೊಂಡ ಮ್ಯಾಲ ಸಿಕ್ತು: ಹಳೇ ಫೈಲಿನ ಮೊದಲನೇ ಟ್ಯಾಗಿನಾಗ ಯಾರೋ ಮೆಟಾಡೇಟಾ-ಕಂಪ್ಲೀಟ್ 'ಟ್ರೂ' ಅಂತ ಇಟ್ಟಿದ್ರು. ಅದಿದ್ರ ಟಾಮ್‌ಕ್ಯಾಟ್ (ಅಪ್ಲಿಕೇಶನ್ ಓಡಸೂ ಸರ್ವರ್) ಅನೋಟೇಶನ್ ಕಡೆ ತಿರುಗಿನೂ ನೋಡೂದಿಲ್ಲ. ತಗದೆ, ಪುಟ ಬಂದ್ವು.

ಈಗಿನ ತ್ರಾಸ ಬ್ಯಾರೆ. ಎರಡು ಫಿಲ್ಟರ್ (ವಿನಂತಿ ಸರ್ವ್‌ಲೆಟ್ ಮುಟ್ಟೂ ಮೊದಲು ಹಾದು ಹೋಗೂ ಕೋಡ್) ಅದಾವ. ಒಂದು ಕನ್ನಡ ಅಕ್ಷರ ಸರಿಯಾಗಿ ಓದಾಕ ಯುಟಿಎಫ್-8 ಎನ್‌ಕೋಡಿಂಗ್ ಹಚ್ಚೂದು, ಇನ್ನೊಂದು ಲಾಗಿನ್ ನೋಡೂದು. ಸರ್ವರ್‌ನಾಗ ಲಾಗಿನ್ ಫಿಲ್ಟರ್ ಮೊದಲು ಓಡಿ ಗೆಟ್‌ಪ್ಯಾರಾಮೀಟರ್ (ಕಳಿಸಿದ ಮಾಹಿತಿ ಓದೂದು) ಕರೀತೈತಿ. ಒಮ್ಮೆ ಓದಿದ ಮ್ಯಾಲ ಎನ್‌ಕೋಡಿಂಗ್ ಹಚ್ಚಿ ಏನು ಉಪಯೋಗ? ನನ್ನ ಲ್ಯಾಪ್‌ಟಾಪಿನಾಗ 'ಬಸಪ್ಪ' ಅಂತ ಚಂದಂಗಿ ಬರ್ತೈತಿ, ಸರ್ವರ್‌ನಾಗ ಅದೇ ಹೆಸರು ಬರೇ ಸೊಟ್ಟಪಟ್ಟ ಚಿಹ್ನೆ. ರೈತ್ರು ಚೀಟಿ ಹಿಡದು "ಇದು ಯಾರ ಹೆಸರೋ ತಮ್ಮಾ?" ಅಂತಾರ.

@ವೆಬ್‌ಫಿಲ್ಟರ್‌ನಾಗ ಪಾಳಿ ಹೇಳಾಕ ಜಾಗಾನೇ ಇಲ್ಲ. ಕ್ಲಾಸಿನ ಹೆಸರು ಅಕಾರಾದಿ ಮಾಡೂ ಉಪಾಯ ನನಗ ಒಪ್ಪಿಗಿಲ್ಲ, ಅದು ಜುಗಾಡ.

ಅನೋಟೇಶನ್‌ನಾಗ ಫಿಲ್ಟರ್‌ನೇಮ್ ಅಷ್ಟ ಕೊಟ್ಟು, ಎರಡು ಫಿಲ್ಟರ್-ಮ್ಯಾಪಿಂಗ್ (ಯಾವ ವಿಳಾಸಕ್ಕ ಯಾವ ಫಿಲ್ಟರ್ ಅನ್ನೂದು) ವೆಬ್.ಎಕ್ಸ್‌ಎಂಎಲ್‌ನಾಗ ಸಾಲಾಗಿ ಬರದ್ರ ನಡೀತೈತೇನ್ರಿ? ಟಾಮ್‌ಕ್ಯಾಟ್ 9 ಮ್ಯಾಲ ಹಿಂಗ ಮಾಡಿದಾವ್ರು ಯಾರರ ಇದ್ರ ಹೇಳ್ರಿ. ಸ್ಪ್ರಿಂಗ್ ಅನ್ನೂ ಬ್ಯಾರೆ ಜಾವಾ ಚೌಕಟ್ಟಿಗೆ ಹೋಗು ಅನ್ನಬ್ಯಾಡ್ರಿ, ಸೀಜನ್ ನಡದೈತಿ.