ಸಿಮ್‌ಕಿನ್ಸ್ ಹಾಲ್: ಹೆಸರು ತೆಗೆದದ್ದು ಸರಿಯೇ?

ಚಿಕ್ಕಪ್ಪ: ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದ ಹಾಸ್ಟೆಲ್ ಒಂದರ ಹೆಸರು ಬದಲಾದ ಬಗ್ಗೆ ನೀನು ಹಾಕಿದ ಲೇಖನ ಓದಿದೆನಮ್ಮಾ. ಮೂವತ್ತು ವರ್ಷ ಕಾನೂನು ಪಾಠ ಹೇಳಿದ ಮೇಷ್ಟ್ರ ಹೆಸರನ್ನು ತೆಗೆದರೆ ಇತಿಹಾಸವನ್ನೇ ಅಳಿಸಿದಂತಾಗುವುದಿಲ್ಲವೇ? ಅಂದಿನವರನ್ನು ಇಂದಿನ ಅಳತೆಗೋಲಿನಿಂದ ಅಳೆಯುವುದು ನ್ಯಾಯವಲ್ಲ.

ನಾನು: ಚಿಕ್ಕಪ್ಪ, ವಿಲಿಯಂ ಸ್ಟೂವರ್ಟ್ ಸಿಮ್‌ಕಿನ್ಸ್ 1899ರಿಂದ 1929ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿ ಪಾಠ ಹೇಳಿದ್ದನ್ನು ಯಾರೂ ಅಲ್ಲಗಳೆದಿಲ್ಲ. ಆದರೆ ಹಾಸ್ಟೆಲಿಗೆ ಅವರ ಹೆಸರಿಟ್ಟಿದ್ದು 1954ರಲ್ಲಿ. ಅಂದರೆ ಅವರು ಸತ್ತು ಕಾಲು ಶತಮಾನ ಕಳೆದ ಮೇಲೆ, ಶಾಲೆಗಳಲ್ಲಿ ಕಪ್ಪು ಮಕ್ಕಳನ್ನು ಬೇರೆ ಕೂರಿಸುವುದು ಸಂವಿಧಾನಬಾಹಿರವೆಂದು ಅಮೆರಿಕದ ಸುಪ್ರೀಂ ಕೋರ್ಟ್ ಮೇ 17ರಂದು ತೀರ್ಪಿತ್ತ ಕೆಲವೇ ವಾರಗಳಲ್ಲಿ. ಅದಕ್ಕೂ ಮೊದಲು, 1950ರಲ್ಲಿ, ಹೀಮನ್ ಸ್ವೆಟ್ ಎಂಬ ಕಪ್ಪು ಯುವಕ ಅದೇ ಕೋರ್ಟಿನಲ್ಲಿ ಹೋರಾಡಿ ಇದೇ ಕಾನೂನು ಕಾಲೇಜಿನಲ್ಲಿ ಸೀಟು ಪಡೆದಿದ್ದರು. ಇಷ್ಟೆಲ್ಲ ಆದ ಮೇಲೂ ಕಾನೂನು ವಿದ್ಯಾರ್ಥಿಗಳಿಗೆಂದು ಕಟ್ಟಿದ ಹಾಸ್ಟೆಲಿಗೆ, ಬಿಳಿಯರೇ ಮೇಲೆಂದು ಕಪ್ಪು ಜನರ ಮೇಲೆ ಹಿಂಸೆ ನಡೆಸುತ್ತಿದ್ದ ಕೂ ಕ್ಲಕ್ಸ್ ಕ್ಲಾನ್ ಎಂಬ ಗುಪ್ತ ಸಂಘವನ್ನು ಫ್ಲಾರಿಡಾದಲ್ಲಿ ಕಟ್ಟಿದವರಲ್ಲಿ ಒಬ್ಬರ ಹೆಸರನ್ನು ಹುಡುಕಿ ಇಟ್ಟರಲ್ಲ, ಅದನ್ನು ಮೇಷ್ಟ್ರ ಮೇಲಿನ ಗೌರವವೆಂದಷ್ಟೇ ನಂಬಲು ನನ್ನಿಂದಾಗದು.

ಚಿಕ್ಕಪ್ಪ: ಕ್ಲಾನ್ ಸೇರಿದ್ದು ಹುಡುಗುಬುದ್ಧಿಯ ತಪ್ಪಿರಬಹುದು.

ನಾನು: ಅದನ್ನು ತಪ್ಪೆಂದು ಅವರೇ ಎಣಿಸಿರಲಿಲ್ಲ. 1914ರಲ್ಲಿ, ಹಿರಿಯ ಪ್ರಾಧ್ಯಾಪಕರಾಗಿದ್ದಾಗಲೇ, ಕ್ಲಾನನ್ನು ಸಮರ್ಥಿಸಿ ಭಾಷಣ ಮಾಡಿದರು; ಕಪ್ಪು ಮನುಷ್ಯನೊಬ್ಬನನ್ನು ಪೀಪಾಯಿಯ ಹಲಗೆಯಿಂದ ಬೀದಿಯಲ್ಲಿ ಬಡಿದಟ್ಟಿದ್ದನ್ನು ಹೆಮ್ಮೆಯಿಂದ ಹೇಳಿಕೊಂಡರು. ಆ ಭಾಷಣವನ್ನು ಹಳೆಯ ವಿದ್ಯಾರ್ಥಿಗಳ ಪತ್ರಿಕೆ 1916ರಲ್ಲಿ ಅಚ್ಚುಹಾಕಿತು. ಇತಿಹಾಸ ಅಳಿಯಿತೆನ್ನುತ್ತೀರಿ, ಆ ಹೆಸರು ಬಾಗಿಲ ಮೇಲಿದ್ದ ಅಷ್ಟೂ ದಶಕಗಳಲ್ಲಿ ಒಳಗೆ ಮಲಗಿದ್ದ ಹುಡುಗರಲ್ಲಿ ಎಷ್ಟು ಜನರಿಗೆ ಇದು ತಿಳಿದಿದ್ದೀತು? ಅಲ್ಲಿ ಹಿಂದೆ ಪಾಠ ಹೇಳಿದ್ದ ಕಾನೂನು ಇತಿಹಾಸಕಾರ ಥಾಮಸ್ ರಸೆಲ್ 2010ರಲ್ಲಿ ಪ್ರಬಂಧ ಪ್ರಕಟಿಸಿದ ಮೇಲೆಯೇ ಇದು ಊರೆಲ್ಲ ಚರ್ಚೆಯಾಯಿತು. ಅದೇ ಜುಲೈನಲ್ಲಿ ವಿಶ್ವವಿದ್ಯಾಲಯದ ಆಡಳಿತ ಮಂಡಳಿ ಹಾಸ್ಟೆಲಿನ ಹೆಸರನ್ನು ಕ್ರೀಕ್‌ಸೈಡ್, ಅಂದರೆ ‘ಹಳ್ಳದ ಬದಿ’, ಎಂದು ಬದಲಿಸಿತು.

ಚಿಕ್ಕಪ್ಪ: 1954ರ ವಿಷಯ ನನಗೆ ತಿಳಿದಿರಲಿಲ್ಲ, ಅದು ನಿಜಕ್ಕೂ ಭಾರವಾದ ಮಾತು. ಆದರೂ ಪಕ್ಕದಲ್ಲಿ ಹರಿಯುವ ವಾಲರ್ ಹಳ್ಳವನ್ನು ನೆಚ್ಚಿಕೊಂಡ ಹೆಸರೇಕೆ? ಸ್ವೆಟ್ ಅವರ ಹೆಸರನ್ನೇ ಇಡಬಹುದಿತ್ತು.

ನಾನು: ಅದರಲ್ಲಿ ನಿಮ್ಮ ಜೊತೆಗಿದ್ದೇನೆ, ಚಿಕ್ಕಪ್ಪ. ಅದೇ ಊರಿನ ಟ್ರಾವಿಸ್ ಕೌಂಟಿ ಕೋರ್ಟ್ ಕಟ್ಟಡಕ್ಕೆ 2005ರಲ್ಲೇ ಸ್ವೆಟ್ ಅವರ ಹೆಸರಿಟ್ಟಿದ್ದರು. ವಿಶ್ವವಿದ್ಯಾಲಯಕ್ಕೂ ಆ ಧೈರ್ಯ ಬರಬೇಕಿತ್ತು.